ಮಾಳಿಗೆಯ ಮೇಲೆ ಪಂಢರಪುರಕ್ಕೆ

ನಾನು ಇಂಡಿ ಪಟ್ಟಣದ ಒಂದು ಶಾಲೆಯಲ್ಲಿ ದೈಹಿಕ ಶಿಕ್ಷಕ. ಮಕ್ಕಳ ಬಾಯಲ್ಲಿ ಪಿ.ಟಿ. ಸರ್. ಲಾಕ್‌ಡೌನ್ ಬಂದು ಶಾಲೆಗೆ ಬೀಗ ಬಿದ್ದಾಗ ಎಲ್ಲರಿಗಿಂತ ಮೊದಲು ಕೆಲಸವಿಲ್ಲದವನಾದದ್ದು ನಾನೇ. ಗಣಿತ, ವಿಜ್ಞಾನ, ಕನ್ನಡ ಎಲ್ಲವೂ ಮೊಬೈಲಿನೊಳಗೆ ಹೇಗೋ ಹಿಡಿಸಿದವು. ಖೋ-ಖೋ ಹಿಡಿಸಲಿಲ್ಲ.

ಮೇ ತಿಂಗಳಲ್ಲಿ ಮುಖ್ಯಗುರುಗಳು ಫೋನ್ ಮಾಡಿದರು. "ಸರ್, ನೀವೂ ಏನರೆ ವಿಡಿಯೋ ಮಾಡಿ ಕಳಸ್ರಿ. ಹುಡುಗೂರು ಮನ್ಯಾಗ ಕುಂತು ಕುಂತು ಮರಗಟ್ಟಾಕತ್ತಾರ" ಅಂದರು. ನಾನು ಉಮೇದಿನಿಂದ ಮಾಳಿಗೆ ಹತ್ತಿ ಸೂರ್ಯನಮಸ್ಕಾರ ಮಾಡಿದೆ. ಹೆಂಡತಿ ವಿಡಿಯೋ ಹಿಡಿದಳು. ನಾನು ಬೋರಲಾಗಿ ಮಲಗಿ ಎದೆ ಎತ್ತುವ ಹೊತ್ತಿಗೆ ಸರಿಯಾಗಿ ನಮ್ಮವ್ವ ಹಪ್ಪಳದ ತಟ್ಟೆ ಹಿಡಿದುಕೊಂಡು ನನ್ನ ತಲೆಯ ಮುಂದಿನಿಂದ ಹಾದುಹೋದಳು. ಮತ್ತೊಮ್ಮೆ ಮಾಡುವ ತ್ರಾಣ ಇರಲಿಲ್ಲ, ಹಾಗೇ ಕಳಿಸಿದೆ. ಮರುದಿನ ಮಕ್ಕಳಿಂದ ಇಪ್ಪತ್ತು ಮೆಸೇಜು ಬಂದವು. ಸೂರ್ಯನಮಸ್ಕಾರದ ಬಗ್ಗೆ ಒಂದೂ ಇರಲಿಲ್ಲ. "ಸರ್, ಹಪ್ಪಳ ಉದ್ದಿಂದೋ ಅಕ್ಕೀದೋ?" ಎಂದೇ ಎಲ್ಲರೂ ಕೇಳಿದ್ದರು.

ಮನೆಯಲ್ಲಿ ನಾವು ನಾಲ್ಕು ಜನ. ಹೆಂಡತಿ ಅಂಚೆ ಕಚೇರಿಯಲ್ಲಿ ನೌಕರಿಗೆ ಇದ್ದಾಳೆ. ಊರೆಲ್ಲ ಬಾಗಿಲು ಹಾಕಿಕೊಂಡಾಗಲೂ ಅವಳ ಕಚೇರಿ ತೆರೆದೇ ಇತ್ತು. ಮೂಗು ಬಾಯಿ ಕಟ್ಟಿಕೊಂಡು ಹೋಗಿ, ಸಂಜೆ ಬಂದು ಹಿತ್ತಲಲ್ಲೇ ಸ್ನಾನ ಮಾಡಿ ಒಳಗೆ ಬರುತ್ತಿದ್ದಳು. ಹೀಗಾಗಿ ಹಗಲು ಮನೆಯಲ್ಲಿ ಇರುವವರು ಮೂವರು: ನಾನು, ನಮ್ಮವ್ವ, ಆಗಷ್ಟೇ ನನ್ನ ಶಾಲೆಯಲ್ಲೇ ಐದನೆಯ ತರಗತಿ ಮುಗಿಸಿದ್ದ ನನ್ನ ಮಗಳು. ಮಗಳು ನಮ್ಮವ್ವನನ್ನು ಕರೆಯುವುದು ಆಯಿ ಎಂದು. ಅವ್ವನ ತವರು ಗಡಿಯಂಚಿನ ಅಗರಖೇಡ. ಅಲ್ಲಿಯ ಮರಾಠಿ ಅವಳ ನಾಲಿಗೆಯಿಂದ ಇನ್ನೂ ಹೋಗಿಲ್ಲ. ಸಿಟ್ಟು ಬಂದರೆ ಮರಾಠಿ, ಪ್ರೀತಿ ಬಂದರೆ ಕನ್ನಡ.

ಮಗಳು ಮೊದಲು ಎಂಥವಳಿದ್ದಳು ಅಂದರೆ, ಸಂಜೆ ಮನೆಗೆ ಬಂದಳೆಂದರೆ ಮೊದಲು ಮೊಣಕಾಲು ನೋಡಬೇಕಿತ್ತು, ಇವತ್ತು ಎಲ್ಲಿ ತರಚಿಕೊಂಡಿದ್ದಾಳೆ ಎಂದು. ಶಾಲೆಯ ಬೇವಿನ ಮರ ಹತ್ತುವುದರಲ್ಲಿ ಅವಳನ್ನು ಹಿಂದೆ ಹಾಕಿದ ಹುಡುಗರಿರಲಿಲ್ಲ. ಖೋ-ಖೋದಲ್ಲಿ ಕಂಬ ತಿರುಗುವಾಗ ನೆಲಕ್ಕೆ ತಾಗುವಷ್ಟು ವಾಲುತ್ತಿದ್ದಳು. ಅಂಥವಳು ಜೂನಿನಿಂದ ಬೆಳಿಗ್ಗೆ ಒಂಬತ್ತಕ್ಕೆ ಮಂಚದ ಮೇಲೆ ಮೊಬೈಲ್ ಹಿಡಿದು ಕುಳಿತಳೆಂದರೆ ಹನ್ನೆರಡರ ತನಕ ಏಳುತ್ತಿರಲಿಲ್ಲ. ಊಟವಾದ ಮೇಲೆ ಹೋಮ್‌ವರ್ಕ್ ಎಂದು ಮತ್ತೆ ಮೊಬೈಲ್. ಹೋಮ್‌ವರ್ಕ್ ಮುಗಿದ ಮೇಲೆ ಬೆಕ್ಕಿನ ವಿಡಿಯೋ, ಕೇಕಿನ ವಿಡಿಯೋ, ಯಾರೋ ಯಾವುದೋ ಊರಲ್ಲಿ ಮಣ್ಣಿನ ಮನೆ ಕಟ್ಟುವ ವಿಡಿಯೋ.

ಅವಳು ಕ್ಲಾಸಿನಲ್ಲಿ ಕೂತರೆ ನಮ್ಮವ್ವನಿಗೆ ನೋಡಲಾಗುತ್ತಿರಲಿಲ್ಲ. "ಪಾಪ, ಕೂಸು ಎಷ್ಟೊತ್ತು ಕಣ್ಣು ಕೀಲಿಸಿ ಕುಂದರಬೇಕು" ಎಂದು ಮೊಬೈಲಿನ ಕಣ್ಣಿಗೆ ಬೀಳದ ಹಾಗೆ ಬಗ್ಗಿ ಬಂದು ತಟ್ಟೆ ಇಟ್ಟುಹೋಗುತ್ತಿದ್ದಳು. ಹತ್ತಕ್ಕೆ ಶೇಂಗಾ ಉಂಡಿ. ಹನ್ನೊಂದಕ್ಕೆ ಅವಲಕ್ಕಿ ಚೂಡಾ. ನಾಲ್ಕಕ್ಕೆ ಮಾತ್ರ ನಾವು ಮೂವರೂ ಸೇರುತ್ತಿದ್ದೆವು. ಗಿರಮಿಟ್ಟು, ಮಿರ್ಚಿ ಭಜಿ, ಮೇಲೆ ಚಹಾ. ಹೊರಗೆ ಆಂಬುಲೆನ್ಸಿನ ಸದ್ದು ಕೇಳಿದಾಗಲೆಲ್ಲ ನಮ್ಮವ್ವ ಎಣ್ಣೆಗೆ ಇನ್ನೊಂದು ಘಾಣ ಭಜಿ ಬಿಡುತ್ತಿದ್ದಳು. ನಿಜ ಹೇಳಬೇಕೆಂದರೆ, ಆ ದಿನಗಳ ಅಂಜಿಕೆಯಲ್ಲಿ ನಮಗಿದ್ದ ಸುಖ ಆ ನಾಲ್ಕು ಗಂಟೆಯದೇ. ಅದನ್ನು ತಪ್ಪು ಎಂದು ಈಗಲೂ ನನಗೆ ಹೇಳಲಾಗುವುದಿಲ್ಲ.

ಒಂದು ವರ್ಷ ಹೀಗೇ ಹೋಯಿತು. ಮನೆಯವರು ದಿನಾ ನೋಡುವವರು, ನಮಗೆ ಏನೂ ಗೊತ್ತಾಗಲಿಲ್ಲ. ಗೊತ್ತಾದದ್ದು ಹೆಂಡತಿಯ ಅಣ್ಣನ ಮಗನ ಲಗ್ನಕ್ಕೆ ಹೊರಟ ದಿನ. ಐವತ್ತೇ ಜನರ ಲಗ್ನ. ಮಗಳ ರೇಷ್ಮೆ ಲಂಗ ತೆಗೆದರೆ ಸೊಂಟಕ್ಕೆ ಮುಟ್ಟಲೇ ಇಲ್ಲ. ಅವಳು ನಕ್ಕಳು, ನಾವೂ ನಕ್ಕೆವು. ಅವಳ ತಾಯಿ ಪಿನ್ನು ಹಾಕಿ, ಮೇಲೆ ಓಢಣಿ ಇಳಿಬಿಟ್ಟು ಹೊಂದಿಸಿದಳು. ಲಗ್ನದ ಮನೆಯಲ್ಲಿ ದೂರದ ಸಂಬಂಧದ ಒಬ್ಬ ಹೆಂಗಸು ಎಲ್ಲರೆದುರು, "ಏನವಾ, ಪಿ.ಟಿ. ಮಾಸ್ತರ ಮಗಳು ಹಿಂಗಾದ್ರ ಉಳಿದವರ ಗತಿ ಏನು?" ಅಂದುಬಿಟ್ಟಳು. ಮಗಳು ಕೈಯಲ್ಲಿದ್ದ ಬುಂದೆಯ ಉಂಡಿಯನ್ನು ತಟ್ಟೆಗೆ ವಾಪಸ್ ಇಟ್ಟಳು. ಮನೆಗೆ ಬಂದ ಮೇಲೆ ಕ್ಲಾಸಿನಲ್ಲಿ ಕ್ಯಾಮೆರಾ ಬಂದ್ ಮಾಡಿ ಕೂರುವುದು ಶುರುವಾಯಿತು. ಅಂಗಡಿಗೆ ಹೋಗಿ ಸಕ್ಕರೆ ತಾ ಅಂದರೂ ಹೋಗಲೊಲ್ಲಳು.

ನನಗೆ ಆ ಮಾತು ಹತ್ತಿದ್ದು ಬೇರೆ ಕಡೆ. ಮಗಳ ದುಃಖಕ್ಕಿಂತ ನನ್ನ ಪಿ.ಟಿ. ಮಾಸ್ತರಿಕೆಗೆ ಪೆಟ್ಟು ಬಿದ್ದಿತ್ತು. ಮರುದಿನ ಶಾಲೆಗೆ ಹೋಗಿ, ಕ್ರೀಡಾ ಸಾಮಾನಿನ ಕೋಣೆಯಿಂದ ತೂಕದ ಮಶೀನ್ ಹೊತ್ತು ತಂದೆ. ಫ್ರಿಜ್ಜಿನ ಬಾಗಿಲಿಗೆ ದಿನದಿನದ ತೂಕ ಬರೆಯಲು ಒಂದು ತಖ್ತೆ ಅಂಟಿಸಿದೆ. ಬೆಳಿಗ್ಗೆ ಆರಕ್ಕೆ ಸೀಟಿ ಊದಿ ಮಗಳನ್ನು ಎಬ್ಬಿಸಿ ಮಾಳಿಗೆಯ ಮೇಲೆ ಡ್ರಿಲ್ ಮಾಡಿಸಿದೆ. ಇಳಿದ ಕೂಡಲೇ ತೂಕ. ಐದು ದಿನ ಇದು ನಡೆಯಿತು. ಮಶೀನಿನ ಮುಳ್ಳು ಅಲುಗಲಿಲ್ಲ, ಮಗಳು ನನ್ನ ಜೊತೆ ಮಾತು ಬಿಟ್ಟಳು. ಆರನೆಯ ದಿನ ಪೆನ್ಸಿಲ್ ಹುಡುಕುತ್ತ ಅವಳ ಕಂಪಾಸ್ ಪೆಟ್ಟಿಗೆ ತೆರೆದರೆ ಕೈವಾರದ ಜಾಗದಲ್ಲಿ ಶೇಂಗಾ ಚಿಕ್ಕಿಯ ಮೂರು ತುಂಡು. ನಾನು ಮೈದಾನದಲ್ಲಿ ಒದರುವ ಹಾಗೆ ಒದರಿದೆ.

ಅವಳು ಅಳಲಿಲ್ಲ. ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಪಪ್ಪಾ, ನಿಮ್ಮ ಪ್ಯಾಂಟಿನ ಗುಂಡಿ ಹತ್ತಾಕ ಒಲ್ಲದು. ನಿಮ್ಮನ್ನ ಯಾರು ತೂಗಬೇಕು?" ಎಂದು ಕೇಳಿದಳು.

ಆಗಷ್ಟೇ ಕೆಲಸದಿಂದ ಬಂದಿದ್ದ ಹೆಂಡತಿ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. "ಹೌದು, ಹತ್ರಿ ನೋಡೂಣು" ಅಂದಳು. ಹತ್ತಿದೆ. ಹಿಂದಿನ ವರ್ಷಕ್ಕಿಂತ ಒಂಬತ್ತು ಕಿಲೋ ಹೆಚ್ಚಾಗಿದ್ದೆ. ಏರಿದ್ದರಲ್ಲಿ ಮಗಳಿಗಿಂತಲೂ ನಾನೇ ಮುಂದೆ. ಹೆಂಡತಿ ನಗಲಿಲ್ಲ, ಅದೇ ಹೆಚ್ಚು ನಾಚಿಕೆ ಮಾಡಿತು. "ನಾಳೆ ಇದನ್ನ ಸಾಲಿಗೆ ವಾಪಸ್ ಹೊತ್ಕೊಂಡು ಹೋಗ್ರಿ. ಮನ್ಯಾಗ ಇರೂದು ಹುಡುಗಿ, ಜ್ವಾಳದ ಚೀಲ ಅಲ್ಲ" ಅಂದು ಒಳಗೆ ಹೋದಳು. ನಮ್ಮವ್ವ ಅಡುಗೆಮನೆಯ ಕಟ್ಟೆ ಹಿಡಿದು ನಿಂತಿದ್ದಳು. "ಅದಕ್ಯಾಕ ಬೈತೀ? ತಿನಿಸಿದಾಕಿ ನಾನು, ನನ್ನ ಬೈ" ಅಂದಳು. ಅವಳ ಕಣ್ಣು ತುಂಬಿತ್ತು. ನಾನು ತಖ್ತೆ ಹರಿದು ಹಾಕಿದೆ. ಮುಂದೇನು ಮಾಡಬೇಕು ಎಂಬುದು ಮಾತ್ರ ಹೊಳೆಯಲಿಲ್ಲ.

ಹೊಳೆದದ್ದು ನಮ್ಮವ್ವನಿಗೆ, ಅದೂ ಮಗಳ ವಿಷಯವಾಗಿ ಅಲ್ಲ. ಅವಳು ವಾರಕರಿ. ಇಪ್ಪತ್ತೆರಡು ವರ್ಷ ಆಷಾಢ ಏಕಾದಶಿಗೆ ದಿಂಡಿಯ ಜೊತೆ ಪಂಢರಪುರಕ್ಕೆ ನಡೆದುಕೊಂಡು ಹೋದವಳು. ತಾಳ ಬಾರಿಸುತ್ತ, ವಿಠ್ಠಲನ ಹೆಸರು ಹೇಳುತ್ತ ಹೋಗುವ ಗುಂಪೇ ದಿಂಡಿ. ಹಿಂದಿನ ವರ್ಷ ದಿಂಡಿ ನಿಂತಿತ್ತು. ಈಗ ಎರಡನೆಯ ಲಾಕ್‌ಡೌನ್ ಬಂದು ಈ ವರ್ಷವೂ ಇಲ್ಲವೆಂದಾಯಿತು. ಆ ಸುದ್ದಿ ಬಂದ ಸಂಜೆ ಅವಳು ಚಹಾದ ಬಟ್ಟಲು ಕೆಳಗಿಟ್ಟು, "ಹಾದಿ ಬಂದ್ ಮಾಡ್ಯಾರ, ನನ್ನ ಕಾಲೇನು ಬಂದ್ ಮಾಡಿಲ್ಲ. ಮಾಳಿಗಿ ಮ್ಯಾಲೆ ನಡೀತೇನಿ. ಏಕಾದಶಿಗೆ ಅಲ್ಲಿ ಮುಟ್ಟತೇನಿ" ಅಂದಳು. ಆಮೇಲೆ ಮೊಮ್ಮಗಳ ಕಡೆ ತಿರುಗಿದಳು. "ತಂಗೀ, ನನಗ ಎಣಿಕಿ ನೆನಪ ಉಳಿಯಂಗಿಲ್ಲ. ಎಷ್ಟು ಸುತ್ತು ಹಾಕಿದ್ರ ಪಂಢರಪುರ ಬರ್ತೈತಿ, ನೀ ಹೇಳಬೇಕು."

ಮಗಳು ಬಹಳ ದಿನಗಳ ಮೇಲೆ ನನ್ನ ಹತ್ತಿರ ತಾನಾಗಿ ಬಂದಳು. "ಪಪ್ಪಾ, ನಿಮ್ಮ ಅಳತಿ ಟೇಪ್ ಕೊಡ್ರಿ." ಓಟದ ಪಟ್ಟಿ ಎಳೆಯುವ ನನ್ನ ಉದ್ದನೆಯ ಟೇಪು ಹಿಡಿದು ಮಾಳಿಗೆಯ ಅಂಚು ಅಳೆದೆವು. ಒಂದು ಸುತ್ತಿಗೆ ಮೂವತ್ತೈದು ಮೀಟರ್. ದಾರಿ ನೂರ ಐದು ಕಿಲೋಮೀಟರ್ ಎಂದು ಅವಳು ಹಿಡಿದಳು. ಗುಣಾಕಾರ ಭಾಗಾಕಾರ ಮಾಡಿ, ದಿನಕ್ಕೆ ಐವತ್ತು ಸುತ್ತು, ಅರವತ್ತು ದಿನ ಎಂದು ಹೇಳಿದಳು. ಅವ್ವ ಬಾಯಿ ತೆರೆದಳು. "ಐವತ್ತ? ಮಾಡೂಣು ಬಾ."

ಬೆಳಿಗ್ಗೆ ಬಿಸಿಲೇರುವ ಮೊದಲು ಇಪ್ಪತ್ತೈದು, ಸಂಜೆ ಬಿಸಿಲಿಳಿದ ಮೇಲೆ ಇಪ್ಪತ್ತೈದು. ಮೊದಲ ಮೂರು ದಿನ ಮಗಳು ನೀರಿನ ಟಾಕಿಯ ನೆರಳಿಗೆ ಕುಳಿತು, ಒಂದು ಕೈಯಲ್ಲಿ ಮೊಬೈಲ್, ಇನ್ನೊಂದರಲ್ಲಿ ಸೀಮೆಸುಣ್ಣದ ಕಡ್ಡಿ ಹಿಡಿದು ಗೋಡೆಗೆ ಗೀಟು ಎಳೆಯುತ್ತಿದ್ದಳು. ನಾಲ್ಕನೆಯ ದಿನ ಮೂಲೆಯಲ್ಲಿ ತಿರುಗುವಾಗ ಅವ್ವ ಜೋಲಿ ತಪ್ಪಿದಳು. ಹುಡುಗಿ ಎದ್ದು ಕೈ ಹಿಡಿದು ಆ ಒಂದು ಸುತ್ತು ಜೊತೆಗೆ ನಡೆದಳು. ಮುಂದಿನ ಸುತ್ತಿಗೆ ಕೈ ಬಿಡಲು ಮನಸ್ಸಾಗಲಿಲ್ಲ ಅಂತ ಕಾಣುತ್ತದೆ. ಆವತ್ತು ಎಂಟು ಸುತ್ತು ನಡೆದು ತೇಕುತ್ತ ಕೂತಳು. ಮರುದಿನ ಅವ್ವ ದೇವರ ಮನೆಯಿಂದ ತನ್ನ ತಾಳ ತಂದು ಅವಳ ಕೈಗೆ ಕೊಟ್ಟಳು. "ನನ್ನ ಮಣಿಕಟ್ಟು ನೋಯ್ತೈತಿ, ನೀ ಬಾರಸು." ತಾಳಕ್ಕೆ ಎರಡೂ ಕೈ ಬೇಕು. ಮೊಬೈಲ್ ಕೆಳಗೆ ಉಳಿಯಿತು.

ಹುಡುಗಿ ಹಳೆಯ ರಟ್ಟಿನ ಮೇಲೆ ದಾರಿಯ ನಕಾಶೆ ಬರೆದಳು. ಇಂಡಿ, ಝಳಕಿ, ಚಡಚಣ, ಮಂಗಳವೇಢೆ, ಪಂಢರಪುರ. ದಿನಾ ಸಂಜೆ ಎಲ್ಲಿಗೆ ಬಂದೆವು ಎಂದು ಕೆಂಪು ಚುಕ್ಕೆ. ಆ ಚುಕ್ಕೆ ನೋಡಿದ ಕೂಡಲೇ ಅವ್ವನಿಗೆ ಆ ಊರು ನೆನಪಾಗುತ್ತಿತ್ತು. "ಇಲ್ಲೇ ನೋಡು, ಒಬ್ಬಾಕಿ ಮಳ್ಯಾಗ ನಮ್ಮನ್ನ ದನದ ಕೊಟಗ್ಯಾಗ ಮಲಗಿಸಿ, ನಸಿಕಿನ್ಯಾಗ ಎದ್ದು ರೊಟ್ಟಿ ಝುಣಕಾ ಮಾಡಿ ಹಾಕಿದ್ಳು." "ಇಲ್ಲೇ ನನ್ನ ಚಪ್ಪಲಿ ಹರದು ಹನ್ನೆರಡು ಮೈಲು ಬರಿಗಾಲಿಲೆ ನಡದೆ." ಮುಂದಿನ ಕಥೆ ಕೇಳಬೇಕೆಂದರೆ ಮುಂದಿನ ಊರು ಮುಟ್ಟಬೇಕಿತ್ತು. ಹತ್ತನೆಯ ದಿನದ ಹೊತ್ತಿಗೆ ಮಗಳು ಅವ್ವನನ್ನು ಅವಸರಪಡಿಸುತ್ತಿದ್ದಳು.

ಊಟದ ಕ್ರಮವನ್ನೂ ಅವ್ವನೇ ಬದಲಿಸಿದಳು. ನಾಲ್ಕಕ್ಕೆ ನಾನು ಅಭ್ಯಾಸದಂತೆ ಅಡುಗೆಮನೆಗೆ ಇಣುಕಿದರೆ ಎಣ್ಣೆಯ ಬಾಣಲೆ ಒಲೆಯ ಮೇಲೆ ಇಲ್ಲ. "ದಿಂಡ್ಯಾಗ ಭಜಿ ಯಾರು ಮಾಡಿ ಕೊಡತಾರ?" ಅಂದಳು. ರೊಟ್ಟಿ, ಝುಣಕಾ, ಶೇಂಗಾ ಹಿಂಡಿ, ಮಜ್ಜಿಗೆ. ಏಕಾದಶಿ ತನಕ ಅಷ್ಟೇ. ನನಗೆ ಬೇಜಾರಾಯಿತು. ಮಗಳಿಗೆ ಆಗಲಿಲ್ಲ. ನಡೆದು ಬಂದವಳಿಗೆ ಹಸಿವಾಗುತ್ತಿತ್ತು, ಎರಡು ರೊಟ್ಟಿ ಸರಿಯಾಗಿ ಹರಿದು ಉಣ್ಣುತ್ತಿದ್ದಳು, ಮತ್ತೆ ಮಲಗುವ ತನಕ ಡಬ್ಬಿ ತಡಕುತ್ತಿರಲಿಲ್ಲ. ಮೂರನೆಯ ವಾರ ನಾನೂ ಸುಮ್ಮನೆ ಅವರ ಹಿಂದೆ ಸೇರಿಕೊಂಡೆ. ಸೀಟಿ ತರಲಿಲ್ಲ. ಎದುರು ಮನೆಯ ನಿವೃತ್ತ ಗುಮಾಸ್ತರು ತಮ್ಮ ಮಾಳಿಗೆಯಿಂದ ದಿನಾ ವಿಚಾರಿಸುತ್ತಿದ್ದರು. "ಎಲ್ಲಿ ಬಂತ್ರಿ ನಿಮ್ಮ ದಿಂಡಿ?"

"ಚಡಚಣ ದಾಟೇವ್ರಿ!" ಎಂದು ಮಗಳು ಕೂಗುತ್ತಿದ್ದಳು. ಕ್ಯಾಮೆರಾ ಮುಂದೆ ಬರಲು ಒಲ್ಲದ ಹುಡುಗಿ ಇಡೀ ಓಣಿಗೆ ಕೇಳುವ ಹಾಗೆ ಕೂಗುತ್ತಿದ್ದಳು.

ಮಂಗಳವೇಢೆ ಹತ್ತಿರ ಬಂದಾಗ ಅವ್ವನಿಗೆ ಜ್ವರ ಬಂತು. ಆ ದಿನಗಳಲ್ಲಿ ಜ್ವರ ಎಂದರೆ ಕೊರೊನಾವೇ ಎಂಬ ಅಂಜಿಕೆ. ಗಂಟಲು ದ್ರವ ಕೊಟ್ಟು ಬಂದೆವು. ವರದಿ ಬರಲು ಮೂರು ದಿನ. ಅವ್ವನನ್ನು ಹಿಂದಿನ ಕೋಣೆಯಲ್ಲಿ ಬೇರೆ ಇಟ್ಟೆವು. ಊಟದ ತಟ್ಟೆಯನ್ನು ಬಾಗಿಲಲ್ಲಿ ಇಟ್ಟು ಸರಿಯುವುದು. ಮೊದಲ ದಿನ ಸಂಜೆ ಮಗಳು ತಾಳ ತೆಗೆದುಕೊಂಡು ಮಾಳಿಗೆ ಹತ್ತಿದಳು. ನಾನು ಹಿಂದೆ ಹೋದೆ. ಇಪ್ಪತ್ತೈದು ಸುತ್ತು ಮುಗಿಯಿತು, ನಿಲ್ಲಲಿಲ್ಲ.

"ಆತಲ್ಲ, ಸಾಕು" ಅಂದೆ.

"ಇವು ನನ್ನವು ಆದವು. ಈಗ ಆಯಿ ಪಾಲಿಂದು. ಆಕಿ ಹಿಂದ ಉಳದ್ರ ಹೆಂಗ?"

ಅವ್ವನ ಕೋಣೆ ಮಾಳಿಗೆಯ ಕೆಳಗೇ ಇತ್ತು. ನಲವತ್ತನೆಯ ಸುತ್ತಿನಲ್ಲೋ ಏನೋ ಕಿಟಕಿಯಿಂದ ದನಿ ಬಂತು. "ತಾಳ ತಪ್ಪಾಕತ್ತೈತಿ, ತಂಗೀ! ಸಾವಕಾಶ!" ಮಗಳು ಗೋಡೆಯ ಮೇಲಿಂದ ಬಗ್ಗಿ, "ನೀ ಸುಮ್ಮ ಮಲ್ಕೋ ಆಯಿ, ನಿನ್ನವ ಹಾಕಾಕತ್ತೇನಿ!" ಎಂದು ಉತ್ತರ ಕೊಟ್ಟಳು. ಮೂರು ದಿನ ಬೆಳಿಗ್ಗೆ ಐವತ್ತು, ಸಂಜೆ ಐವತ್ತು. ನಾನು ಗೀಟು ಎಳೆಯುತ್ತ ನೋಡಿದೆ. ಮೊದಲು ಎಂಟಕ್ಕೆ ತೇಕಿದವಳು ಐವತ್ತನೆಯದರಲ್ಲೂ ಮಾತಾಡುತ್ತ ನಡೆಯುತ್ತಿದ್ದಳು. ಇಪ್ಪತ್ತು ವರ್ಷ ಮಕ್ಕಳನ್ನು ಓಡಿಸಿದವನು ನಾನು. ಗೋಡೆಯ ಕಡೆ ತಿರುಗಿ ಕಣ್ಣು ಒರೆಸಿಕೊಂಡೆ.

ವರದಿಯಲ್ಲಿ ಏನೂ ಇರಲಿಲ್ಲ, ಬರೀ ಹವಾ ಬದಲಾವಣೆಯ ಜ್ವರ. ತ್ರಾಣ ಬರುವ ತನಕ ಅವ್ವನ ಪಾಲಿನ ಸುತ್ತನ್ನು ಮಗಳೇ ಹಾಕಿದಳು. ಏಕಾದಶಿಯ ಸಂಜೆ ಅವ್ವ ಗೋಡೆ ಹಿಡಿದುಕೊಂಡೇ ಕೊನೆಯ ಐದು ಸುತ್ತು ಹಾಕಿದಳು. ರಜೆ ಹಾಕಿ ಹೆಂಡತಿಯೂ ಬಂದಿದ್ದಳು. ಎದುರು ಮಾಳಿಗೆಯಿಂದ ಗುಮಾಸ್ತರು ಕೈ ಮುಗಿದರು. ಅವ್ವ ಪಂಢರಪುರದ ದಿಕ್ಕಿಗೆ ನಿಂತು ಕಣ್ಣು ಮುಚ್ಚಿದಳು. ಆಮೇಲೆ ಮೊಮ್ಮಗಳ ಕಾಲು ಮುಟ್ಟಲು ಬಗ್ಗಿದಳು. ದಿಂಡಿಯಲ್ಲಿ ಒಬ್ಬರ ಕಾಲಿಗೆ ಒಬ್ಬರು ನಮಸ್ಕರಿಸುವುದು ರೂಢಿ. ಮಗಳು ಬೆದರಿ ನಾಲ್ಕು ಹೆಜ್ಜೆ ಹಿಂದೆ ಓಡಿದಳು.

ತೂಕ ಎಷ್ಟು ಇಳಿಯಿತು ಎಂದು ಓದುವವರು ಕೇಳಬಹುದು. ನನಗೆ ಗೊತ್ತಿಲ್ಲ, ತೂಗಲಿಲ್ಲ. ಅವಳೇನು ಮೊದಲಿನ ಕಡ್ಡಿಯಾಗಲಿಲ್ಲ. ಎತ್ತರವಾದಳು, ತುಂಬಿಕೊಂಡೇ ಇದ್ದಾಳೆ, ಈಗಲೂ. ಬೇವಿನ ಮರ ಹತ್ತುವ ಆಸೆ ಅವಳಿಗೆ ಮತ್ತೆ ಬಂದದ್ದನ್ನು ಮಾತ್ರ ನಾನು ನೋಡಿದೆ.

ಆ ಮಳೆಗಾಲ ಮುಗಿಯುವ ಹೊತ್ತಿಗೆ ಶಾಲೆ ತೆರೆಯಿತು. ಮಗಳು ಏಳನೆಯ ತರಗತಿ. ಮೊದಲ ದಿನ ಮೈದಾನದಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಂದು ಸುತ್ತು ಓಡಿ ಎಂದೆ. ಅರ್ಧಕ್ಕೇ ಹತ್ತು ಮಂದಿ ಕುಳಿತರು. ಅಂಗಿಯ ಗುಂಡಿ ಬಿಗಿದವರು, ಚಡ್ಡಿಗೆ ದಾರ ಕಟ್ಟಿಕೊಂಡವರು, ಇನ್ನು ಕೆಲವರು ಸರಿಯಾಗಿ ಉಣ್ಣದೆ ಬಡಕಲಾದವರು. ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳದ ದೈಹಿಕ ಶಿಕ್ಷಕ ಗೆಳೆಯರಿಗೆ ಫೋನ್ ಮಾಡಿದರೆ ಎಲ್ಲ ಕಡೆ ಅದೇ ಕಥೆ. ನಾನು ಮಗಳನ್ನು ಕರೆದು, "ನಮ್ಮ ಮಾಳಿಗೀದು ಇಲ್ಲಿ ಮಾಡ್ಲೇನು?" ಎಂದು ಕೇಳಿದೆ.

ಅವಳು ಯೋಚಿಸಿ ಕರಾರು ಹಾಕಿದಳು. "ಯಾರನ್ನೂ ತೂಗಬಾರದು. ಯಾರಿಗೂ ದಪ್ಪ, ಸಣ್ಣ ಅನಬಾರದು. ಮತ್ತ ನನ್ನ ಹೆಸರು ಹೇಳಬಾರದು."

ಮೂರಕ್ಕೂ ಒಪ್ಪಿದೆ. ದಿನಾ ಪ್ರಾರ್ಥನೆಗೆ ಮುಂಚೆ ಎಲ್ಲರೂ ಕೂಡಿ ಮೈದಾನಕ್ಕೆ ಐದು ಸುತ್ತು ನಡೆಯುವುದು. ಇಂಡಿಯಿಂದ ಆಲಮೇಲ, ಸಿಂದಗಿ, ಬಾಗೇವಾಡಿ, ಕೊನೆಗೆ ಮುದ್ದೇಬಿಹಾಳ. ದೊಡ್ಡ ನಕಾಶೆ ಬರೆದು ನೋಟೀಸ್ ಬೋರ್ಡಿಗೆ ಹಾಕಿದೆವು. ಒಬ್ಬ ಹುಡುಗಿ ಎದ್ದು, "ಸರ್, ಮನಗೂಳಿ ಯಾಕ ಇಲ್ರಿ? ನಮ್ಮ ಅಮ್ಮನ ಊರು ಐತಿ" ಎಂದು ತಕರಾರು ತೆಗೆದಳು. ಅವಳಿಗಾಗಿ ಇಡೀ ಶಾಲೆ ಮನಗೂಳಿ ಸುತ್ತು ಹಾಕಿ ಬಾಗೇವಾಡಿಗೆ ಹೋಯಿತು. ಯಾರೂ ಬೇಡ ಅನ್ನಲಿಲ್ಲ. ಆಲಮೇಲ ದಾಟಿದ ದಿನ ಮಕ್ಕಳು ತಾವೇ ಆರು ಸುತ್ತು ಕೇಳಿದರು. ದೀಪಾವಳಿಯ ನಂತರ ಎಂಟು. ಸಂಕ್ರಾಂತಿ ಕಳೆದ ಮೇಲೆ ಮೈದಾನದಲ್ಲಿ ನಡೆಯುವವರಿಗಿಂತ ಓಡುವವರೇ ಹೆಚ್ಚಾದರು. ನಾನು ಖೋ-ಖೋದ ಕಂಬ ಮತ್ತೆ ನೆಟ್ಟೆ.

ನಕಾಶೆಯ ಮೇಲೆ ಮುದ್ದೇಬಿಹಾಳ ಮುಟ್ಟಿದ ವಾರ, ಹನ್ನೆರಡು ಹುಡುಗಿಯರನ್ನು ಕರೆದುಕೊಂಡು ನಿಜವಾಗಿಯೂ ಅಲ್ಲಿಗೆ ಬಸ್ಸಿನಲ್ಲಿ ಹೋದೆವು. ಅಲ್ಲಿಯ ಗೆಳೆಯರ ಶಾಲೆಯ ಜೊತೆ ಖೋ-ಖೋ ಆಟ. ಭಾಳ ಕೆಟ್ಟದಾಗಿ ಸೋತೆವು. ಮಗಳು ಮೊದಲಿನ ಹಾಗೆ ಜಿಗಿಯಲಿಲ್ಲ. ಆದರೆ ಕೊನೆಯ ಸರದಿಯಲ್ಲಿ ಉಳಿದವರೆಲ್ಲ ಔಟಾದ ಮೇಲೂ ಒಬ್ಬಳೇ, ಅವಸರವಿಲ್ಲದೆ, ಕಂಬದಿಂದ ಕಂಬಕ್ಕೆ ಸುಳಿಯುತ್ತ ಸಮಯ ಮುಗಿಯುವ ತನಕ ಉಳಿದಳು. ಹೊರಗೆ ಕೂತ ಹನ್ನೊಂದು ಹುಡುಗಿಯರು ಗೆದ್ದವರಿಗಿಂತ ಜೋರಾಗಿ ಕೂಗಿದರು.

ಆಮೇಲೆ ಶಾಲೆಯ ಜಗುಲಿಯ ಮೇಲೆ ಊಟಕ್ಕೆ ಕೂತರು. ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು, ಒಬ್ಬೊಬ್ಬರಿಗೆ ಒಂದು ಗೋದಿ ಹುಗ್ಗಿಯ ಬಟ್ಟಲು. ಅಲ್ಲಿಯ ಶಿಕ್ಷಕರು ಬಡಿಸಿ ಬಡಿಸಿ ದಣಿದು ನನ್ನ ಪಕ್ಕ ಬಂದು ನಿಂತರು. "ಸೋತವರು ಹಿಂಗ ಉಣ್ಣೂದು ನಾ ಎಲ್ಲೂ ನೋಡಿಲ್ರಿ ಸರ್" ಅಂದರು. ಮಗಳು ಅದನ್ನು ಕೇಳಿ ತಲೆ ಎತ್ತಿದಳು, ಬಾಯಿ ತುಂಬ ರೊಟ್ಟಿ ಇತ್ತು. ಬಟ್ಟಲು ಮುಂದೆ ಚಾಚಿ ಇನ್ನೊಂದು ಸೌಟು ಹುಗ್ಗಿ ಹಾಕಿಸಿಕೊಂಡಳು.